‘ಹಸು ಎಲ್ಲಿ?’ ಎಂದ ಅಜ್ಜಿಗೆ ಉತ್ತರ ಹುಡುಕಿದ ಕಥೆ

ಸಂಜೆ ಐದೂವರೆ ಆದರೆ ನಮ್ಮ ಅಜ್ಜಿ ಎದ್ದು ನಿಲ್ಲುತ್ತಿದ್ದರು. ‘ಗೌರಿ ಬಂದಿರ್ತಾಳೆ, ಹಾಲು ಕರೀಬೇಕು’ ಅನ್ನುತ್ತಿದ್ದರು. ಗೌರಿ ನಮ್ಮ ಮನೆಯ ಹಸು. ಅದನ್ನು ಮಾರಿ ಹನ್ನೆರಡು ವರ್ಷ ಆಗಿತ್ತು. ‘ಹಸು ಎಲ್ಲಿದೆ ಅಜ್ಜಿ, ಮಾರಿ ಆಯ್ತಲ್ಲ’ ಎಂದು ನಾನು ದಿನವೂ ತಿದ್ದುತ್ತಿದ್ದೆ. ಅವರಿಗೆ ಅದು ದಿನವೂ ಹೊಸ ಸುದ್ದಿ. ‘ನನ್ನ ಕೇಳದೆ ಮಾರಿದ್ರಾ?’ ಎಂದು ಅಳುತ್ತಿದ್ದರು, ಊಟ ಬಿಡುತ್ತಿದ್ದರು. ‘ಅರವತ್ತಕ್ಕೆ ಅರಳು ಮರಳು’ ಎಂದು ಬಂದವರು ನಕ್ಕು ಹೋಗುತ್ತಿದ್ದರು.

ಒಂದು ದೀಪಾವಳಿಗೆ ಪಕ್ಕದ ಬೀದಿಯ ಹುಡುಗಿ ಊರಿಗೆ ಬಂದಿದ್ದಳು. ಬೆಂಗಳೂರಿನ ಒಂದು ಹಿರಿಯರ ಆರೈಕೆ ಮನೆಯಲ್ಲಿ ಅವಳಿಗೆ ಕೆಲಸ. ಅಜ್ಜಿ ಹಾಲಿನ ಮಾತು ತೆಗೆದಾಗ ಅವಳು ಎದುರಿಗೆ ಕುಳಿತು, ‘ಗೌರಿ ಎಷ್ಟು ಹಾಲು ಕೊಡ್ತಿತ್ತು ಅಜ್ಜಿ?’ ಎಂದು ಕೇಳಿದಳು. ಅರ್ಧ ಗಂಟೆ ಅಜ್ಜಿ ಮಾತಾಡಿದರು. ಆಮೇಲೆ ತಾವೇ ಕುಳಿತು ಊಟ ಮಾಡಿದರು.

‘ಎಲ್ಲಿ ಕಲಿತೆ?’ ಎಂದೆ. ‘ಕೆಲಸಕ್ಕೆ ಸೇರಿದಾಗ ಟ್ರೈನಿಂಗ್ ಕೊಟ್ರು’ ಅಂದಳು. ಅವಳು ಕಲಿತ ಆ ಪಾಠದ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆಯಿದೆ.

1901ರ ನವೆಂಬರ್. ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆಯನ್ನು ಕರೆತಂದರು. ಡಾಕ್ಟರ್ ಅಲೋಯಿಸ್ ಆಲ್ಝೈಮರ್ ಹೆಸರು ಕೇಳಿದರು. ಆಕೆ ಔಗುಸ್ಟೆ ಎಂದರು. ಗಂಡನ ಹೆಸರು ಕೇಳಿದರೂ ಅದೇ ಉತ್ತರ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಝೈಮರ್ ಆಕೆಯ ಮೆದುಳನ್ನು ಪರೀಕ್ಷಿಸಿ, ಅಲ್ಲಿ ಕಂಡ ಬದಲಾವಣೆಗಳನ್ನು ವೈದ್ಯರ ಸಭೆಯಲ್ಲಿ ವಿವರಿಸಿದರು. ಮುಂದೆ ಕಾಯಿಲೆಗೆ ಅವರದೇ ಹೆಸರು ಬಂತು. ಕಾಯಿಲೆಗೆ ಹೆಸರು ಸಿಕ್ಕಿತು, ಆದರೆ ಕಾಯಿಲೆ ಬಂದವರ ಜೊತೆ ಹೇಗೆ ಮಾತಾಡಬೇಕು ಎಂಬ ಪ್ರಶ್ನೆ ದಶಕಗಟ್ಟಲೆ ಹಾಗೇ ಉಳಿಯಿತು.

ಆ ಪ್ರಶ್ನೆ ಕೈಗೆತ್ತಿಕೊಂಡವರಲ್ಲಿ ಅಮೆರಿಕದ ಮನೋವೈದ್ಯ ಜೇಮ್ಸ್ ಫೋಲ್ಸಮ್ ಮೊದಲಿಗರ ಸಾಲಿನವರು. 1958ರಲ್ಲಿ ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅವರು ಹೊಸ ಪ್ರಯೋಗ ಶುರು ಮಾಡಿದರು. ವೃದ್ಧರಿಗೆ ಇವತ್ತು ಯಾವ ವಾರ, ಇದು ಯಾವ ಊರು, ಮುಂದಿನ ಊಟ ಯಾವುದು ಎಂದು ಮತ್ತೆ ಮತ್ತೆ ನೆನಪಿಸುವುದು. ಗೋಡೆಯ ಮೇಲೆ ದಿನಾಂಕ, ಹವಾಮಾನ ಬರೆದ ಬೋರ್ಡ್. ಇದನ್ನು ಮಾಡಬೇಕಾದವರು ಹಗಲು ರಾತ್ರಿ ಜೊತೆಗಿರುವ ಸಹಾಯಕರು. ಕಸ ಗುಡಿಸಿ, ಬಟ್ಟೆ ಬದಲಿಸುವವರ ಮಾತೂ ಚಿಕಿತ್ಸೆಯ ಭಾಗ ಎಂದು ಒಪ್ಪಿದ್ದು ದೊಡ್ಡ ಹೆಜ್ಜೆ.

ಆದರೆ ಈ ಪದ್ಧತಿಗೆ ಒಂದು ಮುಳ್ಳಿತ್ತು. ತಾಯಿಯನ್ನು ಹುಡುಕುವ ಎಂಬತ್ತರ ಅಜ್ಜಿಗೆ ‘ನಿಮ್ಮ ತಾಯಿ ಸತ್ತು ನಲವತ್ತು ವರ್ಷವಾಯಿತು’ ಎಂದರೆ ಏನಾಗುತ್ತದೆ? ನಾನು ಮನೆಯಲ್ಲಿ ಮಾಡುತ್ತಿದ್ದುದೂ ಅದೇ.

ಈ ಮುಳ್ಳನ್ನು ಗುರುತಿಸಿದವರಲ್ಲಿ ನವೋಮಿ ಫೈಲ್ ಒಬ್ಬರು. ಕ್ಲೀವ್‌ಲ್ಯಾಂಡ್ ನಗರದ ಒಂದು ವೃದ್ಧಾಶ್ರಮವನ್ನು ಅವರ ತಂದೆ ನೋಡಿಕೊಳ್ಳುತ್ತಿದ್ದರು. ಆಕೆ ಬೆಳೆದದ್ದೇ ಅಲ್ಲಿ. 1963ರಿಂದ ವೃದ್ಧರ ಜೊತೆ ಕೆಲಸ ಮಾಡುತ್ತಾ, ತಿದ್ದುವ ದಾರಿಯನ್ನೇ ಮೊದಲು ಹಿಡಿದರು. ಫಲ ಕಾಣದೆ ಬಿಟ್ಟರು. ಮಾತು ಸರಿಯೋ ತಪ್ಪೋ ಎಂದು ನೋಡುವ ಬದಲು ಅದರ ಹಿಂದಿನ ಭಾವನೆಗೆ ಉತ್ತರ ಕೊಡಿ ಎಂದರು. ತಾಯಿಯನ್ನು ಹುಡುಕುವವರಿಗೆ ಬೇಕಾಗಿರುವುದು ಧೈರ್ಯ, ಆಸರೆ. ಹಾಗಾಗಿ ತಾಯಿಯ ಬಗ್ಗೆ ಕೇಳಿ, ಕೈ ಹಿಡಿಯಿರಿ. 1982ರಲ್ಲಿ ಈ ವಿಧಾನದ ಪುಸ್ತಕ ಬಂತು. ನಮ್ಮೂರ ಹುಡುಗಿ ಗೌರಿಯ ಹಾಲಿನ ಲೆಕ್ಕ ಕೇಳಿದ್ದು ಇದೇ ದಾರಿಯಲ್ಲಿ.

1987ರಲ್ಲಿ ಅಮೆರಿಕ ನರ್ಸಿಂಗ್ ಹೋಂಗಳಿಗೆ ಕಾನೂನು ತಂದಿತು. ಅಲ್ಲಿನ ಸಹಾಯಕರಿಗೆ ಕನಿಷ್ಠ 75 ಗಂಟೆ ತರಬೇತಿ ಕಡ್ಡಾಯವಾಯಿತು. ವೃದ್ಧರನ್ನು ಕುರ್ಚಿಗೆ, ಮಂಚಕ್ಕೆ ಕಟ್ಟುವುದಕ್ಕೆ ಕಡಿವಾಣ ಬಿತ್ತು. ಆದರೆ ಅದೇ ಕಾಲಕ್ಕೆ ಬೆಳೆಯುತ್ತಿದ್ದ ಇನ್ನೊಂದು ಬಗೆಯ ವಾಸದ ಮನೆಗಳು, ಅಂದರೆ ಸ್ವಂತ ಕೋಣೆ ಕೊಟ್ಟು ಸ್ನಾನ, ಊಟ, ಮಾತ್ರೆಗೆ ನೆರವಾಗುವ ಅಸಿಸ್ಟೆಡ್ ಲಿವಿಂಗ್ ಮನೆಗಳು, ಈ ಕಾನೂನಿನ ಹೊರಗೇ ಉಳಿದವು. ಅಲ್ಲಿನ ತರಬೇತಿ ಎಷ್ಟಿರಬೇಕು ಎಂಬುದನ್ನು ಇಂದಿಗೂ ಒಂದೊಂದು ರಾಜ್ಯ ಒಂದೊಂದು ರೀತಿ ನಿರ್ಧರಿಸುತ್ತದೆ.

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಟಾಮ್ ಕಿಟ್‌ವುಡ್ ಇನ್ನೂ ಆಳಕ್ಕೆ ಹೋದರು. ಆರೈಕೆ ಮನೆಯಲ್ಲಿ ಒಂದು ಮೂಲೆಯಲ್ಲಿ ಕುಳಿತು, ವೃದ್ಧರ ಜೊತೆ ಏನು ನಡೆಯುತ್ತಿದೆ ಎಂದು ಐದೈದು ನಿಮಿಷಕ್ಕೆ ಬರೆದುಕೊಳ್ಳುವ ಪದ್ಧತಿ ಅವರ ತಂಡದ್ದು. ಆಮೇಲೆ ಅದನ್ನು ಸಿಬ್ಬಂದಿಗೇ ತೋರಿಸಿ ಚರ್ಚಿಸುವುದು. 1997ರ ಪುಸ್ತಕದಲ್ಲಿ ಅವರು ಮನುಷ್ಯನನ್ನು ಕುಗ್ಗಿಸುವ 17 ಬಗೆಯ ನಡವಳಿಕೆಗಳನ್ನು ಪಟ್ಟಿ ಮಾಡಿದರು. ಮಗುವಿನಂತೆ ಕಾಣುವುದು, ಎದುರಿಗಿದ್ದರೂ ಇಲ್ಲದವರಂತೆ ಮಾತಾಡುವುದು, ಅಣಕಿಸುವುದು, ಅವರ ಕೈಲಾಗದಷ್ಟು ಅವಸರ ಮಾಡುವುದು. ಹೀಗೆ ಮಾಡುವವರು ಕೆಟ್ಟವರೆಂದು ಅವರು ಹೇಳಲಿಲ್ಲ. ಹಿಂದಿನವರನ್ನು ನೋಡಿ ಕಲಿತ ರೂಢಿ ಅದು ಎಂದರು. ‘ಅರಳು ಮರಳು’ ಎಂದು ನಕ್ಕವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ನನಗೆ ಗೊತ್ತು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒಂದು ಸಂಘಟನೆ ಬಂದದ್ದು 1992ರಲ್ಲಿ. ಕೇರಳದ ಡಾಕ್ಟರ್ ಜೇಕಬ್ ರಾಯ್ ಆಲ್ಝೈಮರ್ ಸಂಸ್ಥೆಯೊಂದನ್ನು ಕಟ್ಟಿದರು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಶಿಯಾಗೆಂದೇ ಕೇಂದ್ರ ನಡೆಸುತ್ತಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆಯಿದೆ. ಬಹುಪಾಲು ಜನರನ್ನು ನೋಡಿಕೊಳ್ಳುವವರು ಮನೆಯವರೇ. ಊರು ಬಿಟ್ಟು ನಗರದ ಆರೈಕೆ ಮನೆಗಳಿಗೆ ಕೆಲಸಕ್ಕೆ ಹೋಗುವವರು ನಮ್ಮಂಥ ಹಳ್ಳಿಗಳ ಹೆಣ್ಣುಮಕ್ಕಳು.

ಆ ಹುಡುಗಿ ಇನ್ನೊಂದು ಮಾತನ್ನೂ ಹೇಳಿದ್ದಳು: ‘ನಿಧಾನ ಮಾತಾಡಿ, ಉತ್ತರಕ್ಕೆ ಕಾಯಿರಿ ಅಂತ ಕಲಿಸ್ತಾರೆ. ಬೆಳಗ್ಗೆ ಸ್ನಾನದ ಹೊತ್ತಿಗೆ ಹತ್ತು ಜನ ಇದ್ರೆ ಹೇಗೆ ಕಾಯೋದು?’ ಕಿಟ್‌ವುಡ್ ಪಟ್ಟಿಯ ‘ಅವಸರ’ ಹುಟ್ಟುವುದು ಇಲ್ಲೇ. ಕೈ ಸಾಕಷ್ಟಿಲ್ಲದ ಕಡೆ ಪಾಠ ಬೋರ್ಡಿನ ಮೇಲೇ ಉಳಿಯುತ್ತದೆ. ನಿಮ್ಮ ಮಗಳನ್ನೋ ತಂಗಿಯನ್ನೋ ಇಂಥ ಕೆಲಸಕ್ಕೆ ಕಳಿಸುವಾಗ ಸಂಬಳದ ಜೊತೆ ಎರಡು ಪ್ರಶ್ನೆ ಕೇಳಿ: ತರಬೇತಿ ಎಷ್ಟು ದಿನ? ಒಬ್ಬರು ನೋಡಬೇಕಾದವರು ಎಷ್ಟು ಜನ?

ನಮ್ಮ ಅಜ್ಜಿ ಇನ್ನೂ ಎರಡು ವರ್ಷ ಇದ್ದರು. ಗೌರಿ ಎಷ್ಟು ಹಾಲು ಕೊಡುತ್ತಿತ್ತು ಎಂಬುದು ಆಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹೊತ್ತಿಗೆ ಮೂರು ಸೇರು.