ಮಸಲ್ ಕಾರುಗಳ ಮರುಸ್ಥಾಪನೆ

ಮಸಲ್ ಕಾರುಗಳ ಮರುಸ್ಥಾಪನೆ ಎಂದರೆ 1960ರ ದಶಕ ಹಾಗೂ 1970ರ ದಶಕದ ಆರಂಭದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ, ದೊಡ್ಡ ವಿ8 ಎಂಜಿನ್ ಹೊಂದಿದ ಎರಡು ಬಾಗಿಲಿನ ಕಾರುಗಳನ್ನು ಕಾರ್ಖಾನೆಯಿಂದ ಹೊರಬಂದಾಗಿನ ಸ್ಥಿತಿಗೆ ಮರಳಿ ತರುವ ಕೆಲಸ. ಮರುಸ್ಥಾಪಿತ ಕಾರು ಮಾರಾಟಕ್ಕೆ ಬಂದಾಗ ಅದರ ಮೌಲ್ಯವು ಬಣ್ಣದ ಹೊಳಪಿಗಿಂತ ಹೆಚ್ಚಾಗಿ ಎಂಜಿನ್‌ನ ಅಸಲಿತನ, ದಾಖಲೆಗಳು ಮತ್ತು ಒಳಗಿನ ಉಕ್ಕಿನ ಸ್ಥಿತಿಯನ್ನು ಅವಲಂಬಿಸಿರುತ್ತದೆ. ಭಾರತದಲ್ಲಿ ಇಂತಹ ಕಾರುಗಳು ವಿರಳ. ಮಲ್ಪೆ, ಕಾಪು ಮೊದಲಾದ ಕರಾವಳಿ ಊರುಗಳಲ್ಲಿ ಉಪ್ಪಿನ ಗಾಳಿ ಮತ್ತು ದೀರ್ಘ ಮಳೆಗಾಲದಿಂದಾಗಿ ಇವುಗಳನ್ನು ಕಾಪಾಡುವುದು ಇನ್ನಷ್ಟು ಕಠಿಣ.

ಹಿನ್ನೆಲೆ

ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿಗೆ ದೊಡ್ಡ ಕಾರಿನ ಎಂಜಿನ್ ಜೋಡಿಸುವುದು ಮಸಲ್ ಕಾರಿನ ಮೂಲ ಕಲ್ಪನೆ. 1949ರ ಓಲ್ಡ್ಸ್‌ಮೊಬೈಲ್ ರಾಕೆಟ್ 88 ಇದಕ್ಕೆ ಪೂರ್ವಸೂಚನೆಯಾಗಿತ್ತು. 1964ರ ಪಾಂಟಿಯಾಕ್ ಜಿಟಿಒ ಈ ವರ್ಗವನ್ನು ಸ್ಪಷ್ಟವಾಗಿ ರೂಪಿಸಿತೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಅದರ 389 ಘನ ಅಂಗುಲದ (ಸುಮಾರು 6.4 ಲೀಟರ್) ಎಂಜಿನ್ 325 ಅಶ್ವಶಕ್ತಿ ಹೊಂದಿತ್ತು. ಅದೇ ವರ್ಷದ ಏಪ್ರಿಲ್ 17ರಂದು ಬಿಡುಗಡೆಯಾದ ಫೋರ್ಡ್ ಮಸ್ಟಾಂಗ್ ಮೊದಲ ಒಂದು ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಗಾತ್ರದಲ್ಲಿ ಚಿಕ್ಕದಾದ ಮಸ್ಟಾಂಗ್‌ಅನ್ನು 'ಪೋನಿ ಕಾರು' ಎಂದು ಪ್ರತ್ಯೇಕವಾಗಿ ಗುರುತಿಸುವುದೂ ಉಂಟು. ಷೆವರ್ಲೆ ಕ್ಯಾಮರೊ, ಡಾಡ್ಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್ ಈ ಕಾಲದ ಇತರ ಪ್ರಸಿದ್ಧ ಮಾದರಿಗಳು. 1970ರ ಷೆವರ್ಲೆ ಷೆವೆಲ್ ಎಸ್‌ಎಸ್ 454ರ ಎಲ್‌ಎಸ್6 ಎಂಜಿನ್‌ಗೆ 450 ಅಶ್ವಶಕ್ತಿ ಎಂದು ಘೋಷಿಸಲಾಗಿತ್ತು.

ವಿಮೆಯ ದುಬಾರಿ ಕಂತು, 1970ರ ಶುದ್ಧ ವಾಯು ಕಾಯಿದೆ ಹಾಗೂ 1973ರ ತೈಲ ಬಿಕ್ಕಟ್ಟಿನಿಂದಾಗಿ ಈ ಕಾಲ ಮುಗಿಯಿತು. 1972ರ ಹೊತ್ತಿಗೆ ಅಶ್ವಶಕ್ತಿಯನ್ನು ಅಳೆಯುವ ಕ್ರಮವೂ ಒಟ್ಟು ಶಕ್ತಿಯಿಂದ ನಿವ್ವಳ ಶಕ್ತಿಗೆ ಬದಲಾಯಿತು. ಆದ್ದರಿಂದ ಅದಕ್ಕೆ ಮೊದಲಿನ ಅಂಕಿಗಳನ್ನು ಇಂದಿನ ಕಾರುಗಳ ಅಂಕಿಗಳೊಡನೆ ನೇರವಾಗಿ ಹೋಲಿಸಲಾಗದು.

ಮರುಸ್ಥಾಪನೆಯ ಹಂತಗಳು

ಪೂರ್ಣ ಮರುಸ್ಥಾಪನೆಯಲ್ಲಿ ಕಾರನ್ನು ಬಿಡಿಭಾಗಗಳಾಗಿ ಬಿಚ್ಚಿ, ಹಳೆಯ ಬಣ್ಣವನ್ನು ತೆಗೆದು, ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಲಾಗುತ್ತದೆ. ಬಳಿಕ ತುಕ್ಕುನಿರೋಧಕ ಲೇಪನ, ಬಣ್ಣ, ಎಂಜಿನ್ ಮತ್ತು ಗೇರ್‌ಬಾಕ್ಸ್ ದುರಸ್ತಿ, ವೈರಿಂಗ್, ಬ್ರೇಕ್ ಹಾಗೂ ಒಳಾಂಗಣದ ಕೆಲಸಗಳು ನಡೆಯುತ್ತವೆ.

ಕಾರಿನ ರಚನೆಗೆ ತಕ್ಕಂತೆ ತುಕ್ಕಿನ ಪರಿಣಾಮವೂ ಬೇರೆಯಾಗುತ್ತದೆ. ಜಿಟಿಒ ಮತ್ತು ಷೆವೆಲ್ ಕಾರುಗಳಲ್ಲಿ ಮೈಕಟ್ಟು ಪ್ರತ್ಯೇಕ ಚೌಕಟ್ಟಿನ ಮೇಲೆ ಕುಳಿತಿರುತ್ತದೆ. ಮಸ್ಟಾಂಗ್‌ನಲ್ಲಿ ಮೈಕಟ್ಟು ಮತ್ತು ಚೌಕಟ್ಟು ಒಂದೇ ಆಗಿದ್ದು, ನೆಲದ ತಗಡೇ ಭಾರವನ್ನು ಹೊರುತ್ತದೆ. ಅದು ಸವೆದರೆ ಕಾರಿನ ಬಲವೇ ಕುಗ್ಗುತ್ತದೆ. 1960ರ ದಶಕದ ಮಸ್ಟಾಂಗ್‌ಗಳಲ್ಲಿ ಮುಂಗಾಜಿನ ಕೆಳಗಿನ ಗಾಳಿಗೂಡು ತುಕ್ಕು ಹಿಡಿದು, ಮಳೆನೀರು ಒಳಗಿನ ನೆಲಕ್ಕೆ ಸೋರುವುದು ಪರಿಚಿತ ದೋಷ.

ಅಸಲಿತನದ ಪರಿಶೀಲನೆ

ಎಂಜಿನ್, ಗೇರ್‌ಬಾಕ್ಸ್ ಮತ್ತು ಷಾಸಿಯ ಸಂಖ್ಯೆಗಳು ಪರಸ್ಪರ ಹೊಂದುವ ಕಾರುಗಳಿಗೆ ಹೆಚ್ಚಿನ ಬೆಲೆಯಿದೆ. ಸಾಧಾರಣ ಮಾದರಿಗೆ ದುಬಾರಿ ಮಾದರಿಯ ಲಾಂಛನ ಮತ್ತು ಎಂಜಿನ್ ಜೋಡಿಸಿದ ನಕಲುಗಳೂ ಮಾರುಕಟ್ಟೆಯಲ್ಲಿವೆ. 1964 ಮತ್ತು 1965ರಲ್ಲಿ ಜಿಟಿಒ ಸ್ವತಂತ್ರ ಮಾದರಿಯಾಗಿರದೆ ಲೆಮಾನ್ಸ್ ಕಾರಿನ ಒಂದು ಆಯ್ಕೆಯಾಗಿದ್ದುದರಿಂದ, ಆ ವರ್ಷಗಳ ವಾಹನ ಗುರುತಿನ ಸಂಖ್ಯೆಯಿಂದಷ್ಟೇ ಅಸಲಿ ಜಿಟಿಒವನ್ನು ಗುರುತಿಸಲಾಗದು; ತಯಾರಿಕೆಯ ಕಾಲದ ಕಾಗದಪತ್ರಗಳು ಬೇಕಾಗುತ್ತವೆ. 17 ಅಕ್ಷರಗಳ ಏಕರೂಪದ ಗುರುತಿನ ಸಂಖ್ಯೆ 1981ರ ಮಾದರಿಗಳಿಂದ ಮಾತ್ರ ಜಾರಿಗೆ ಬಂದಿತು. ದಪ್ಪ ಪುಟ್ಟಿಯ ಕೆಳಗೆ ಮುಚ್ಚಿದ ತುಕ್ಕನ್ನು ಪತ್ತೆಹಚ್ಚಲು ಅಯಸ್ಕಾಂತವನ್ನು ಬಳಸುತ್ತಾರೆ. ಪುಟ್ಟಿ ಇರುವಲ್ಲಿ ಅದು ಸರಿಯಾಗಿ ಅಂಟುವುದಿಲ್ಲ.

ಮರುಸ್ಥಾಪನೆಯಿಂದ ಬೆಲೆ ಯಾವಾಗಲೂ ಏರುತ್ತದೆ ಎನ್ನಲಾಗದು. 1968ರ 'ಬುಲಿಟ್' ಚಲನಚಿತ್ರದಲ್ಲಿ ಬಳಸಿದ ಮಸ್ಟಾಂಗ್ 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಶುಲ್ಕ ಸೇರಿ 37.4 ಲಕ್ಷ ಡಾಲರಿಗೆ ಮಾರಾಟವಾಯಿತು. ಅದು ಮರುಸ್ಥಾಪನೆಗೊಳ್ಳದೆ, ಕಾಲದ ಕಲೆಗಳನ್ನು ಉಳಿಸಿಕೊಂಡಿದ್ದ ಕಾರಾಗಿತ್ತು.

ಭಾರತದಲ್ಲಿ

ಜನರಲ್ ಮೋಟರ್ಸ್ 1928ರಿಂದ ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸುತ್ತಿತ್ತು. ಸ್ವಾತಂತ್ರ್ಯಾನಂತರದ ಕೈಗಾರಿಕಾ ನೀತಿಯಿಂದಾಗಿ ಅದು ಮತ್ತು ಫೋರ್ಡ್ 1950ರ ದಶಕದಲ್ಲಿ ಇಲ್ಲಿನ ಜೋಡಣೆಯನ್ನು ನಿಲ್ಲಿಸಿದವು. ಹೀಗಾಗಿ ಮಸಲ್ ಕಾರುಗಳ ಉಚ್ಛ್ರಾಯ ಕಾಲದಲ್ಲಿ ಅವು ಇಲ್ಲಿನ ಮಳಿಗೆಗಳಿಗೆ ಬರಲಿಲ್ಲ. ಮಸ್ಟಾಂಗ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2016ರಲ್ಲಿ.

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯು 50 ವರ್ಷಕ್ಕಿಂತ ಹಳೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು 'ವಿಂಟೇಜ್' ಎಂದು ಗುರುತಿಸಿತು. ಹೊಸ ನೋಂದಣಿಗೆ ₹20,000, ಮರುನೋಂದಣಿಗೆ ₹5,000 ಶುಲ್ಕವಿದೆ. ನೋಂದಣಿಯ ಅವಧಿ 10 ವರ್ಷ. ಹೊಸ ನೋಂದಣಿ ಸಂಖ್ಯೆಯಲ್ಲಿ ರಾಜ್ಯ ಸಂಕೇತದ ನಂತರ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಮೊದಲೇ ನೋಂದಣಿಯಾದ ವಾಹನಗಳು ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವುದು ಹಾಗೂ ದುರಸ್ತಿಗಾಗಿ ಇವುಗಳನ್ನು ರಸ್ತೆಗಿಳಿಸಬಹುದು; ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ.

ಈ ಮಾನ್ಯತೆ ಪಡೆಯಲು ವಾಹನವು ಮೂಲ ರೂಪದಲ್ಲಿರಬೇಕು. ಷಾಸಿ, ಮೈಕಟ್ಟು ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಆದ್ದರಿಂದ ಆಧುನಿಕ ಎಂಜಿನ್ ಜೋಡಿಸಿದ ಕಾರು ನೋಡಲು ಎಷ್ಟೇ ಚೆನ್ನಾಗಿದ್ದರೂ ಕೊಳ್ಳುವವರಿಗೆ ಕಾನೂನಿನ ತೊಡಕಾಗಬಹುದು. ಅಮೆರಿಕದ ಕಾರುಗಳಲ್ಲಿ ಸ್ಟಿಯರಿಂಗ್ ಎಡಬದಿಗಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 120ನೇ ಪ್ರಕರಣದ ಪ್ರಕಾರ ಅಂತಹ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಲು, ಸುಸ್ಥಿತಿಯಲ್ಲಿರುವ ಯಾಂತ್ರಿಕ ಅಥವಾ ವಿದ್ಯುತ್ ಸಂಕೇತ ಸಾಧನ ಅಗತ್ಯ.

ಕರಾವಳಿ ಕರ್ನಾಟಕದಲ್ಲಿ

ಉಡುಪಿ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಸಮುದ್ರದ ಗಾಳಿಯಲ್ಲಿರುವ ಕ್ಲೋರೈಡ್ ಕಣಗಳು ತೇವಾಂಶವನ್ನು ಹಿಡಿದಿಟ್ಟು ಉಕ್ಕಿನ ಸವೆತವನ್ನು ತೀವ್ರಗೊಳಿಸುತ್ತವೆ. ಮಲ್ಪೆ ಬಂದರಿನ ದೋಣಿಗಳ ಕಬ್ಬಿಣದ ಭಾಗಗಳನ್ನು ಬಾಧಿಸುವ ಪ್ರಕ್ರಿಯೆಯೂ ಇದೇ. ಕಡಲಿನಿಂದ ದೂರ ಸರಿದಂತೆ ಉಪ್ಪಿನ ಪ್ರಮಾಣ ತಗ್ಗುತ್ತದೆ. ಒಳನಾಡಿನ ಕಾರ್ಕಳದಲ್ಲಿ ಮಳೆ ಹೆಚ್ಚಾದರೂ ಮಲ್ಪೆಯಷ್ಟು ಉಪ್ಪಿನ ಬಾಧೆಯಿಲ್ಲ. ಬಾಗಿಲಿನ ಕೆಳಗಿನ ನೀರಿಳಿಯುವ ರಂಧ್ರಗಳನ್ನು ತೆರೆದಿಡುವುದು, ಟೊಳ್ಳು ಭಾಗಗಳಿಗೆ ಮೇಣದ ಲೇಪನ ಮಾಡುವುದು, ಸಿಹಿನೀರಿನಿಂದ ತೊಳೆದು ಒಣಗಿಸುವುದು ಮತ್ತು ಗಾಳಿಯಾಡುವ ಶೆಡ್ಡಿನಲ್ಲಿ ನಿಲ್ಲಿಸುವುದು ಮುಖ್ಯ ರಕ್ಷಣಾ ಕ್ರಮಗಳು. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ ಹಾನಿಯೇ ಹೆಚ್ಚು.

ಇಂಧನವೂ ಒಂದು ಸಮಸ್ಯೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸಬಲ್ಲದು. ಎಥೆನಾಲ್ ನೀರನ್ನು ಹೀರುವುದರಿಂದ, ಮಳೆಗಾಲವಿಡೀ ನಿಂತ ಕಾರಿನ ಟ್ಯಾಂಕಿನ ಒಳಭಾಗಕ್ಕೂ ತುಕ್ಕು ಹಿಡಿಯುವ ಸಾಧ್ಯತೆಯಿದೆ.

ಹಳೆಯ ಕಾರುಗಳ ಸಂರಕ್ಷಣೆಗೆ ಈ ಭಾಗದಲ್ಲಿ ಧರ್ಮಸ್ಥಳವು ಹೆಸರುವಾಸಿ. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಅಲ್ಲಿ ಬೆಳೆದ ಸಂಗ್ರಹವನ್ನು ಸಾರ್ವಜನಿಕರು ವೀಕ್ಷಿಸಬಹುದು. ಶ್ರೀರಂಗಪಟ್ಟಣದ ಬಳಿ, ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿರುವ 'ಪಯಣ' ಕಾರು ವಸ್ತುಸಂಗ್ರಹಾಲಯವೂ ಅವರಿಂದಲೇ ರೂಪುಗೊಂಡದ್ದು.