ಊರೆಲ್ಲ ಕೇಳಿಸಿಕೊಂಡ ಪ್ರೇಮ

ಎಲಾ ಚೀವರ್ ಥೇಯರ್ ಬಾಸ್ಟನ್ನಿನ ಬ್ರನ್ಸ್‌ವಿಕ್ ಹೋಟೆಲಿನಲ್ಲಿ ತಂತಿ ಆಪರೇಟರ್ ಆಗಿದ್ದರು. ಗಿರಾಕಿಗಳು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಚುಕ್ಕೆ ಗೆರೆಗಳಾಗಿ ಕುಟ್ಟಿ ಕಳಿಸುವುದು, ಬಂದದ್ದನ್ನು ಕೇಳಿ ಬರೆದುಕೊಡುವುದು ಅವರ ಕೆಲಸ. 1879ರಲ್ಲಿ ಅವರ ‘ವೈರ್ಡ್ ಲವ್’ ಎಂಬ ನಗೆ ಕಾದಂಬರಿ ಹೊರಬಂತು. ಕತೆ ಪೂರ್ತಿ ತಂತಿಯವರದೇ. ಪ್ರಕಟಿಸಿದವನೂ ಪರಕೀಯನಲ್ಲ: ನ್ಯೂಯಾರ್ಕಿನಲ್ಲಿ ತಂತಿ ನೌಕರರಿಗಾಗಿ ‘ದಿ ಆಪರೇಟರ್’ ಪತ್ರಿಕೆ ನಡೆಸುತ್ತಿದ್ದ ಡಬ್ಲ್ಯು. ಜೆ. ಜಾನ್‌ಸ್ಟನ್. ಅದಕ್ಕೂ 2 ವರ್ಷ ಮೊದಲೇ ಅವನು ಆ ಕಸುಬಿನ ಕತೆ, ಪದ್ಯ, ಚಟಾಕಿಗಳನ್ನೆಲ್ಲ ಕೂಡಿಸಿ ದಪ್ಪ ಪುಸ್ತಕ ತಂದಿದ್ದ. ತಮ್ಮನ್ನು ನೋಡಿ ತಾವೇ ನಗುವಷ್ಟು ಮಂದಿ ಆ ಹೊತ್ತಿಗೆ ತಂತಿ ಕೆಲಸದಲ್ಲಿದ್ದರು.

ಕಾದಂಬರಿಯ ನಾಯಕಿ ನ್ಯಾಟಿ ರೋಜರ್ಸ್. ತಂತಿಯ ಮೇಲೆ ಅವಳ ಹೆಸರು ‘ಎನ್’. ದೂರದ ಇನ್ನೊಂದು ಕಚೇರಿಯಲ್ಲಿ ಕೂತ ‘ಸಿ’ ಒಂದು ದಿನ ಸಂದೇಶವನ್ನು ಮಿಂಚಿನಂತೆ ಕುಟ್ಟುತ್ತಾನೆ. ಇವಳ ಕಿವಿಗೆ ಸಿಕ್ಕದು. ತಡೆದು ಮತ್ತೆ ಕೇಳುತ್ತಾಳೆ, ಅವನು ಕೆಣಕುತ್ತಾನೆ, ಇವಳು ಸಿಡುಕುತ್ತಾಳೆ. ಜಗಳ ಹರಟೆಯಾಗಿ, ಹರಟೆ ದಿನವಹಿಯಾಗುತ್ತದೆ. ಮೊದಮೊದಲು ‘ಸಿ’ ಗಂಡೋ ಹೆಣ್ಣೋ ಎಂಬುದೇ ಅವಳಿಗೆ ಗೊತ್ತಿಲ್ಲ. ಕೊನೆಗೊಂದು ದಿನ ‘ನಾನೇ ಸಿ’ ಎಂದುಕೊಂಡು ಒಬ್ಬ ಎದುರಿಗೆ ಬಂದೇಬಿಡುತ್ತಾನೆ. ಕೆಂಪು ಕೂದಲು, ಅದಕ್ಕೆ ಮೆತ್ತಿದ ಕರಡಿ ಕೊಬ್ಬು, ಮೂಗು ಹಿಡಿಸುವ ಕಸ್ತೂರಿ ವಾಸನೆ. ನ್ಯಾಟಿಯ ಪ್ರೇಮ ಅಲ್ಲಿಗೆ ತಣ್ಣಗಾಗುತ್ತದೆ.

ಅವನು ಸುಳ್ಳುಗಾರ. ನಿಜವಾದ ‘ಸಿ’, ಅಂದರೆ ಕ್ಲೆಮ್, ಆಮೇಲೆ ಸ್ನೇಹಿತನೊಬ್ಬನ ಜೊತೆ ಅವಳ ಬಿಡಾರದ ಗುಂಪಿನೊಳಗೆ ಬಂದು ಸೇರುತ್ತಾನೆ. ಮಾತಿನ ನಡುವೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತಾನೆ. ಆ ಕುಟ್ಟುವಿಕೆಯನ್ನು ಓದಬಲ್ಲ ಕಿವಿ ಆ ಕೋಣೆಯಲ್ಲಿ ನ್ಯಾಟಿಯದು ಮಾತ್ರ. ಇಡೀ ಪುಸ್ತಕದಲ್ಲಿ ಅತ್ಯಂತ ಜಾಣತನದಿಂದ ಕಟ್ಟಿದ ಸನ್ನಿವೇಶ ಇದು. ನಂತರ ಇಬ್ಬರೂ ಕೋಣೆಯಿಂದ ಕೋಣೆಗೆ ಗುಟ್ಟಾಗಿ ತಂತಿ ಎಳೆದುಕೊಳ್ಳುತ್ತಾರೆ. ಇತರರ ಬಾಗಿಲಿಗೆ ಕಿವಿಗೊಡುವುದನ್ನೇ ಉದ್ಯೋಗ ಮಾಡಿಕೊಂಡ ಮಿಸ್ ಕ್ಲಿಂಗ್ ಎಂಬ ಅವಿವಾಹಿತೆಗೆ ಆ ಟಿಕ್ ಟಿಕ್ ಸದ್ದಿನ ಗುಟ್ಟು ಬಿಡಿಸುವ ತನಕ ಸಮಾಧಾನವಿಲ್ಲ.

ಹೊರಗಿನವರಿಗೆ ಅವಳು ವಿಚಿತ್ರ ಪಾತ್ರ. ತಂತಿಯವರಿಗೆ ಅವಳ ಸ್ವಭಾವ ನಿತ್ಯದ ಅನುಭವ, ಏಕೆಂದರೆ ಅವರ ಕಸುಬೇ ಹಾಗಿತ್ತು. ಅಂದಿನ ಅಮೆರಿಕದಲ್ಲಿ ಒಂದೇ ತಂತಿಗೆ ಹತ್ತಾರು ಕಚೇರಿಗಳನ್ನು ಸಾಲಾಗಿ ಪೋಣಿಸುತ್ತಿದ್ದರು. ಒಬ್ಬ ಕೀಲಿ ಒತ್ತಿದರೆ ಸಾಲಿನ ಎಲ್ಲ ಸೌಂಡರ್‌ಗಳೂ ಟಿಕ್ ಎನ್ನುತ್ತಿದ್ದವು. ತನ್ನ ಕಚೇರಿಯ ಗುರುತಿನ ಅಕ್ಷರ ಕೇಳಿದಾಗ ಎದ್ದು ಉತ್ತರಿಸಬೇಕು, ಉಳಿದದ್ದಕ್ಕೆ ಕಿವುಡಾಗಿರಬೇಕು. ಆದರೆ ಭಾಷೆ ಬಲ್ಲ ಕಿವಿಯನ್ನು ಮುಚ್ಚುವುದು ಹೇಗೆ? ಎನ್ ಮತ್ತು ಸಿ ಏಕಾಂತದ ಮಾತು ಎಂದುಕೊಂಡದ್ದನ್ನು ಸಾಲಿನಲ್ಲಿ ಪುರಸೊತ್ತಾಗಿ ಕೂತವರೆಲ್ಲ ಕೇಳಬಹುದಿತ್ತು. ಅಂಥ ತಂತಿಯ ಮೇಲೆ ಮತ್ತೊಬ್ಬ ‘ಸಿ’ ಹುಟ್ಟಿಕೊಳ್ಳದಿದ್ದರೇ ಆಶ್ಚರ್ಯ.

ಮುಖ ಕಾಣದಿದ್ದರೂ ಕೈಯ ಗುರುತು ಮಾತ್ರ ಸಿಗುತ್ತಿತ್ತು. ಪ್ರತಿ ಆಪರೇಟರನ ಕುಟ್ಟುವ ಲಯ ಬೇರೆ. ಪಳಗಿದವರು ಎರಡು ಪದ ಕೇಳಿ ಆಚೆ ಕೂತವರು ಯಾರೆಂದು ಹೇಳಬಲ್ಲವರಾಗಿದ್ದರು. ಅಮೆರಿಕದ ಹಳೆಯ ಮೋರ್ಸ್ ಲಿಪಿಯಲ್ಲಿ ‘ಸಿ’ ಎಂದರೆ ಎರಡು ಚುಕ್ಕೆ, ಸಣ್ಣ ಬಿಡುವು, ಮತ್ತೊಂದು ಚುಕ್ಕೆ. ಆ ಬಿಡುವು ಒಂದಿಷ್ಟು ಆಚೀಚೆಯಾದರೆ ಅಕ್ಷರವೇ ಬದಲು. ಹಾಗಾಗಿ ಹೊಸಬರನ್ನು ಗೇಲಿ ಮಾಡುವುದು ತಂತಿಯ ಮೇಲಿನ ನಿತ್ಯದ ಆಟವಾಗಿತ್ತು. ಥಾಮಸ್ ಎಡಿಸನ್ ಕೂಡ ಈ ಗುಂಪಿನವನೇ. 1868ರಲ್ಲಿ ಬಾಸ್ಟನ್ನಿನ ವೆಸ್ಟರ್ನ್ ಯೂನಿಯನ್ ಕಚೇರಿಯಲ್ಲಿ ದುಡಿದಿದ್ದ. ಮೊದಲ ಇಬ್ಬರು ಮಕ್ಕಳನ್ನು ‘ಡಾಟ್’, ‘ಡ್ಯಾಶ್’ ಎಂದು ಕರೆದ. 1885ರಲ್ಲಿ, ವಿಧುರನಾಗಿದ್ದಾಗ, ಮೀನಾ ಮಿಲ್ಲರ್‌ಳಿಗೆ ಮೋರ್ಸ್ ಕಲಿಸಿ, ಅವಳ ಅಂಗೈಯಲ್ಲಿ ಬೆರಳಿನಿಂದ ಕುಟ್ಟಿ ಮದುವೆಗೆ ಒಪ್ಪಿಗೆ ಕೇಳಿದ. ಒಪ್ಪಿಗೆಯೂ ಅದೇ ಲಿಪಿಯಲ್ಲಿ ಬಂತು. ಬಂಡಿಯಲ್ಲಿ ಜೊತೆಗೆ ಸಾಗುತ್ತಿದ್ದವರಿಗೆ ಏನೂ ತಿಳಿಯಲಿಲ್ಲ. ತಂತಿಯಿಲ್ಲದ ಆ ಮಾತಿಗೆ ಮಾತ್ರ ಕದ್ದು ಕೇಳುವವರಿರಲಿಲ್ಲ!

ನ್ಯಾಟಿಯಂಥ ಹುಡುಗಿಯರು ಈ ಕಸುಬಿಗೆ ಬಂದದ್ದು ಬೇಗನೆ. 1844ರ ಮೇ 24ರಂದು ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಂದೇಶ ಕಳಿಸಿದ ಎರಡೇ ವರ್ಷಕ್ಕೆ, ಲೋವೆಲ್ ಪಟ್ಟಣದ ಗಿರಣಿ ಕಾರ್ಮಿಕರ ನಾಯಕಿ ಸಾರಾ ಬ್ಯಾಗ್ಲಿ ಅಲ್ಲಿನ ತಂತಿ ಕಚೇರಿಗೆ ಸೇರಿದರು. 1869ರಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್‌ನಲ್ಲಿ ಹೆಣ್ಣುಮಕ್ಕಳಿಗೇ ತಂತಿ ಶಾಲೆ ತೆರೆಯಿತು. ಕಂಪನಿಗಳಿಗೆ ಅದರಲ್ಲಿ ಇದ್ದ ಆಸಕ್ತಿ ಊಹಿಸುವಂಥದೇ: ಅದೇ ಕೆಲಸಕ್ಕೆ ಹೆಂಗಸರ ಸಂಬಳ ಕಡಿಮೆ. 1883ರ ಜುಲೈಯಲ್ಲಿ ತಂತಿ ನೌಕರರು ದೇಶವ್ಯಾಪಿ ಮುಷ್ಕರ ಹೂಡಿದಾಗ ಬೇಡಿಕೆಗಳ ಪಟ್ಟಿಯಲ್ಲಿ ಗಂಡಿಗೂ ಹೆಣ್ಣಿಗೂ ಸಮಾನ ವೇತನ ಇತ್ತು. ಮುಷ್ಕರ ಒಂದು ತಿಂಗಳಲ್ಲಿ ಸೋತಿತು. ಅದೇ ವರ್ಷ ಥೇಯರ್ ಮಹಿಳಾ ಮತದಾನದ ಹಕ್ಕಿನ ಪರವಾಗಿ ಒಂದು ನಾಟಕ ಬರೆದರು.

ಗುಟ್ಟಿನ ವಿಷಯ ಆಗ ಬರೀ ನಗೆಯ ಸರಕಾಗಿರಲಿಲ್ಲ. 1876ರ ಅಧ್ಯಕ್ಷೀಯ ಚುನಾವಣೆಯಲ್ಲಿ ಹೇಯ್ಸ್ ಮತ್ತು ಟಿಲ್ಡನ್ ನಡುವೆ ಗೆದ್ದವರಾರು ಎಂಬ ತಕರಾರು ಎದ್ದಾಗ, ಅಮೆರಿಕದ ಸಂಸತ್ತು ಪಕ್ಷಗಳವರ ಟೆಲಿಗ್ರಾಂಗಳನ್ನು ಒಪ್ಪಿಸಲು ವೆಸ್ಟರ್ನ್ ಯೂನಿಯನ್ನಿಗೆ ಆಜ್ಞೆ ಮಾಡಿತು. ಕಂಪನಿ ಕೆಲ ಕಾಲ ಸೆಣಸಿ, ಕೊನೆಗೆ ಸುಮಾರು 30,000 ಸಂದೇಶಗಳನ್ನು ಒಪ್ಪಿಸಿತು. ಅವುಗಳಲ್ಲಿ ಕೆಲವು ಸೋರಿಹೋಗಿ, 1878ರಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಸಂಕೇತ ಬಿಡಿಸಿ ಅಚ್ಚು ಹಾಕಿತು. ಲಂಚದ ಮಾತುಕತೆಗಳೆಲ್ಲ ಬಯಲಾದವು. ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟು ಮುಚ್ಚಿದ ಲಕೋಟೆಯನ್ನು ವಾರಂಟ್ ಇಲ್ಲದೆ ಒಡೆಯಬಾರದು ಎಂದಿತ್ತು. ಟೆಲಿಗ್ರಾಮಿಗೆ ಲಕೋಟೆ ಎಲ್ಲಿಯದು? ಪತ್ರಕ್ಕಿರುವ ರಕ್ಷಣೆ ತಂತಿ ಸಂದೇಶಕ್ಕೂ ಬೇಕು ಎಂದು ಮಿಶಿಗನ್ನಿನ ನ್ಯಾಯಾಧೀಶ ಥಾಮಸ್ ಕೂಲಿ ಲೇಖನ ಬರೆದದ್ದು 1879ರಲ್ಲಿ, ಅಂದರೆ ‘ವೈರ್ಡ್ ಲವ್’ ಬಂದ ವರ್ಷವೇ. ತನ್ನ ಪಾಡಿಗೆ ತನ್ನನ್ನು ಬಿಡಬೇಕೆಂಬ ಹಕ್ಕಿನ ಮಾತು ಅವನ ಕಾನೂನು ಗ್ರಂಥದಲ್ಲಿತ್ತು. ಅದನ್ನೆತ್ತಿಕೊಂಡು 1890ರಲ್ಲಿ ಖಾಸಗಿತನದ ಹಕ್ಕಿನ ಮೇಲೆ ಪ್ರಸಿದ್ಧ ಲೇಖನ ಬರೆದ ಸ್ಯಾಮ್ಯುಯಲ್ ವಾರನ್ ಮತ್ತು ಲೂಯಿಸ್ ಬ್ರಾಂಡೈಸ್ ಥೇಯರ್ ಅವರ ಊರಾದ ಬಾಸ್ಟನ್ನಿನ ವಕೀಲರು.

ಭಾರತದಲ್ಲಿ ಬ್ರಿಟಿಷರು ದಾರಿ ಬೇರೆ ಮಾಡಿಕೊಂಡರು. 1885ರ ಇಂಡಿಯನ್ ಟೆಲಿಗ್ರಾಫ್ ಕಾಯ್ದೆ ಸಂದೇಶಗಳನ್ನು ತಡೆಯುವ, ತೆರೆದು ನೋಡುವ ಅಧಿಕಾರವನ್ನು ನೇರವಾಗಿ ಸರ್ಕಾರದ ಕೈಗಿಟ್ಟಿತು. ದೂರವಾಣಿ ಬಂದಾಗ ಅದೂ ಇದೇ ಕಾಯ್ದೆಯಡಿ ಸೇರಿತು. ದೂರವಾಣಿ ಕದ್ದಾಲಿಕೆಯ ಆರೋಪದ ಬೆನ್ನಿಗೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟದ್ದು ಕನ್ನಡಿಗರಿಗೆ ನೆನಪಿರಬೇಕು. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆಯೇ ನಿಂತುಹೋಯಿತು; ಟೆಲಿಗ್ರಾಫ್ ಕಾಯ್ದೆ ಮಾತ್ರ ಆಗಲೂ ಗಟ್ಟಿಯಾಗಿ ಉಳಿದಿತ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ತೀರ್ಪಿನಲ್ಲಿ ಕೂಲಿಯೂ ಇದ್ದಾನೆ, ವಾರನ್ ಮತ್ತು ಬ್ರಾಂಡೈಸರೂ ಇದ್ದಾರೆ.

ತಂತಿ ಕಚೇರಿಯ ಹುಡುಗಿಯನ್ನು ದೊಡ್ಡ ಲೇಖಕರೂ ಬಿಡಲಿಲ್ಲ. ಆಂಥನಿ ಟ್ರಾಲಪ್ 1877ರಲ್ಲಿ ಅವಳ ಮೇಲೆ ಕತೆ ಬರೆದ. ಹೆನ್ರಿ ಜೇಮ್ಸ್‌ನ ‘ಇನ್ ದ ಕೇಜ್’ 1898ರದು. ಅದರಲ್ಲಿ ಲಂಡನ್ನಿನ ಆಪರೇಟರ್ ಒಬ್ಬಳು ಸಿರಿವಂತರ ಟೆಲಿಗ್ರಾಂ ಓದಿ ಓದಿ ಅವರ ಬಾಳನ್ನೇ ಊಹಿಸಿಕೊಳ್ಳುತ್ತಾಳೆ. ಕಲೆಯಲ್ಲಿ ಜೇಮ್ಸ್ ಎಷ್ಟೋ ಮೇಲು. ಆದರೆ ಇಬ್ಬರೂ ಗಿರಾಕಿಯ ಜಾಗದಲ್ಲಿ ನಿಂತು ಕೌಂಟರಿನತ್ತ ನೋಡಿದವರು. ಥೇಯರ್ ಒಳಗೆ ಕೂತು ಕೀಲಿ ಒತ್ತಿದವರು. ಶಾಯಿ ಚೆಲ್ಲಿದ ಮೇಜು, ಬೆಪ್ಪು ಪ್ರಶ್ನೆ ಕೇಳುವ ಗಿರಾಕಿ, ಸಾಲಿನ ಆಚೆಯಿಂದ ಬರುವ ಕೀಟಲೆ ಇವೆಲ್ಲ ಅವರಲ್ಲಿ ಮೈಗೆ ಹತ್ತಿದ ಅನುಭವ. ಕಾದಂಬರಿಯ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ; ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಬಿಟ್ಟಿಯಾಗಿ ಓದಲು ಸಿಗುತ್ತದೆ. ಹಗಲೆಲ್ಲ ಚಾಟ್ ಕಿಟಕಿ ತೆರೆದಿಟ್ಟುಕೊಂಡು ದುಡಿಯುವ ನಮ್ಮ ಸಾಫ್ಟ್‌ವೇರ್ ಗೆಳೆಯರಲ್ಲಿ ಬರೆಯುವ ಕೈ ಇರುವವರು ಯಾರಾದರೂ ಇದನ್ನು ಕನ್ನಡಕ್ಕೆ ತರಬೇಕು.