ಮೂರು ಮುಖಗಳ ಎಂಜಿನ್ನು, ಒಂದೇ ಮುಳ್ಳು



ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯ ಹೆಸರನ್ನು ನೀವು ಕೇಳಿರುತ್ತೀರಿ. ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನಸ್ವಾಮಿಯ ಗುಡಿ ಇಲ್ಲಿ ಕಾವೇರಿಯ ದಡದ ಬೆಟ್ಟದ ಮೇಲಿದೆ. ಇಲ್ಲಿನ ದನಗಳ ಜಾತ್ರೆ ಹೆಸರುವಾಸಿಯಾದದ್ದು. ಆ ಜಾತ್ರೆಗೆ ಎತ್ತು ಕೊಳ್ಳಲು ಬಂದ ರೈತ ಏನು ಮಾಡುತ್ತಾನೆ? ಜೋಡಿಯಲ್ಲಿ ಚೆನ್ನಾಗಿ ಕಾಣುವ ಎತ್ತನ್ನಷ್ಟೇ ನೋಡಿ ಹಣ ಎಣಿಸುವುದಿಲ್ಲ. ಎರಡರ ಬಾಯನ್ನೂ ಬಿಡಿಸಿ ಹಲ್ಲು ನೋಡುತ್ತಾನೆ, ಎರಡನ್ನೂ ನಡೆಸಿ ನೋಡುತ್ತಾನೆ. ನೊಗಕ್ಕೆ ಹೂಡಿದ ಮೇಲೆ ಸೊರಗಿದ ಎತ್ತು ಎಷ್ಟು ಎಳೆದೀತೋ ಅಷ್ಟೇ ಆ ಜೋಡಿಯ ಬಲ ಎಂಬುದು ಅವನಿಗೆ ಗೊತ್ತು.

ಇದೇ ವಿವೇಕವನ್ನು ಬೇಡುವ ಒಂದು ಎಂಜಿನ್ನಿನ ಚರಿತ್ರೆಯನ್ನು ಇಲ್ಲಿ ನಿಮಗೆ ಹೇಳಬೇಕಾಗಿದೆ. ಅದು ಜರ್ಮನಿಯಲ್ಲಿ ಹುಟ್ಟಿ, ಜಪಾನಿನಲ್ಲಿ ಬೆಳೆದು, ನಮ್ಮ ಕೋಲಾರದ ಆಕಾಶದಲ್ಲಿಯೂ ಹಾರಿದ ರೋಟರಿ ಎಂಜಿನ್.

ಕೈಗೆ ತಿಳಿಯುವ ಒತ್ತಡ

ಹೊಲದ ಹಳೆಯ ಡೀಸೆಲ್ ಪಂಪಿಗೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಕೈಯನ್ನು ಹಿಂದಕ್ಕೆ ತಳ್ಳುವ ಒಂದು ಬಲ ಇರುತ್ತದೆ. ಒಳಗೆ ಪಿಸ್ಟನ್ ಗಾಳಿಯನ್ನು ಅದುಮುತ್ತಿದೆ ಎಂಬುದರ ಸೂಚನೆ ಅದು. ಪುಸ್ತಕದಲ್ಲಿ ಇದನ್ನು ಸಂಪೀಡನ ಎನ್ನುತ್ತಾರೆ. ಮೆಕ್ಯಾನಿಕ್ಕುಗಳು ಕಂಪ್ರೆಷನ್ ಎನ್ನುತ್ತಾರೆ. ಗಾಳಿ ಎಲ್ಲಿಂದಲಾದರೂ ಸೋರಿದರೆ ಒತ್ತಡ ಏರುವುದಿಲ್ಲ, ಎಂಜಿನ್ನಿಗೆ ಶಕ್ತಿ ಬರುವುದಿಲ್ಲ. ಆದ್ದರಿಂದ ಎಂಜಿನ್ನಿನ ಆರೋಗ್ಯ ತಿಳಿಯಲು ಒತ್ತಡ ಅಳೆಯುವುದು ವೈದ್ಯರು ನಾಡಿ ಹಿಡಿದು ನೋಡಿದ ಹಾಗೆ.

ರೋಟರಿ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ನಡು ಸ್ವಲ್ಪ ಕುಗ್ಗಿದ ಕಡಲೆಕಾಯಿಯ ಆಕಾರದ ಕೋಣೆಯೊಂದಿದೆ. ಅದರೊಳಗೆ ಉಬ್ಬಿದ ಬದಿಗಳುಳ್ಳ ತ್ರಿಕೋನಾಕಾರದ ರೋಟರ್ ಸುತ್ತುತ್ತದೆ. ರೋಟರಿಗೆ ಮೂರು ಮುಖಗಳು. ಪ್ರತಿ ಮುಖಕ್ಕೂ ಕೋಣೆಯ ಗೋಡೆಗೂ ನಡುವೆ ಒಂದೊಂದು ಅವಕಾಶ. ರೋಟರ್ ಒಮ್ಮೆ ಸುತ್ತುವುದರೊಳಗೆ ಮೂರು ಮುಖಗಳೂ ಒಂದರ ಹಿಂದೊಂದರಂತೆ ಇಂಧನಮಿಶ್ರಿತ ಗಾಳಿಯನ್ನು ಹೀರಿ, ಅದುಮಿ, ಉರಿಸಿ, ಹೊಗೆಯನ್ನು ಹೊರಹಾಕುತ್ತವೆ. ಅಷ್ಟರಲ್ಲಿ ಎಂಜಿನ್ನಿನ ದಂಡ ಮೂರು ಸುತ್ತು ತಿರುಗಿರುತ್ತದೆ. ಭಾಗಗಳು ಕಡಿಮೆ, ಅದುರುವಿಕೆ ಕಡಿಮೆ, ತೂಕಕ್ಕೆ ಹೋಲಿಸಿದರೆ ಶಕ್ತಿ ಹೆಚ್ಚು. ತೊಂದರೆಯೆಲ್ಲ ರೋಟರಿನ ಮೂರು ತುದಿಗಳಲ್ಲಿ. ಅಲ್ಲಿರುವ ತೆಳುವಾದ ಸೀಲುಗಳು ಗೋಡೆಯನ್ನು ಉಜ್ಜುತ್ತಲೇ ಗಾಳಿ ಸೋರದಂತೆ ಕಾಯಬೇಕು.

ಸೀಲಿಗಾಗಿ ನಡೆದ ಹೋರಾಟ

ಈ ಎಂಜಿನ್ನಿನ ಕಲ್ಪನೆ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರದು. 1902ರಲ್ಲಿ ಜನಿಸಿದ ವಾಂಕೆಲ್ 1951ರಿಂದ ಎನ್‌ಎಸ್‌ಯು ಕಂಪನಿಯೊಂದಿಗೆ ಕೆಲಸ ಮಾಡಿದರು. ಮೊದಲ ಮಾದರಿ 1957ರ ಫೆಬ್ರವರಿ 1ರಂದು ನೆಕರ್ಸುಲ್ಮ್ ನಗರದಲ್ಲಿ ತಿರುಗಿತು. ಅದರಲ್ಲಿ ಹೊರಗಿನ ಕೋಣೆಯೂ ಸುತ್ತುತ್ತಿತ್ತು. ಕೋಣೆ ನಿಂತೇ ಇದ್ದು ರೋಟರ್ ಮಾತ್ರ ಸುತ್ತುವ ಸರಳ ರೂಪವನ್ನು ಅದೇ ಕಂಪನಿಯ ಹಾನ್ಸ್ ಡೀಟರ್ ಪಾಷ್ಕೆ ರೂಪಿಸಿದರು.

1967ರಲ್ಲಿ ಎನ್‌ಎಸ್‌ಯು ತನ್ನ ಆರ್‌ಓ 80 ಕಾರನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಅದು ಯೂರೋಪಿನ 'ವರ್ಷದ ಕಾರು' ಎಂಬ ಗೌರವ ಪಡೆಯಿತು. ಆದರೆ ತುದಿಯ ಸೀಲುಗಳು ಬೇಗ ಸವೆದವು. ಗ್ಯಾರಂಟಿಯ ಕರಾರಿನಂತೆ ಕಂಪನಿ ಎಂಜಿನ್ನುಗಳನ್ನೇ ಬದಲಿಸಿ ಕೊಡಬೇಕಾಯಿತು. ಆ ಖರ್ಚಿನ ಹೊರೆಯ ನಡುವೆ 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವಾಗನ್ ಬಳಗದೊಳಗೆ ವಿಲೀನವಾಯಿತು. ತೆಳುವಾದ ಒಂದು ಪಟ್ಟಿಯ ಸೋರಿಕೆ ಒಂದು ಕಂಪನಿಯ ಸ್ವಾತಂತ್ರ್ಯವನ್ನು ಕಳೆಯುವುದಕ್ಕೆ ಕಾರಣವಾಯಿತೆಂದರೆ ನಿಮಗೆ ಆಶ್ಚರ್ಯವಾಗಬಹುದು.

ಜಪಾನಿನ ಹಿರೋಷಿಮಾದ ಮಜ್ದಾ ಕಂಪನಿ 1961ರಲ್ಲಿ ಈ ಎಂಜಿನ್ನಿನ ಪರವಾನಗಿ ಪಡೆದಿತ್ತು. ಅಲ್ಲಿಯೂ ಮೊದಲ ಎಂಜಿನ್ನುಗಳ ಒಳಗೋಡೆಯ ಮೇಲೆ ಅಡ್ಡಡ್ಡ ಗೀರುಗಳು ಬಿದ್ದವು. ಎಂಜಿನಿಯರುಗಳು ಅವನ್ನು 'ದೆವ್ವದ ಉಗುರಿನ ಗುರುತು' ಎಂದು ಕರೆದರು. ಕೆನಿಚಿ ಯಮಾಮೊಟೊ ಅವರ ನೇತೃತ್ವದ 47 ಜನರ ತಂಡ ಬೆನ್ನು ಬಿಡದೆ ದುಡಿದು, ಅಲ್ಯೂಮಿನಿಯಂ ತುಂಬಿದ ಇಂಗಾಲದ ಸೀಲನ್ನು ಸಿದ್ಧಪಡಿಸಿತು. 1967ರ ಮೇ ತಿಂಗಳಲ್ಲಿ ಕಾಸ್ಮೋ ಸ್ಪೋರ್ಟ್ ಕಾರು ಬಂದಿತು. 1991ರಲ್ಲಿ ಫ್ರಾನ್ಸಿನ ಲ ಮಾಂ ಎಂಬಲ್ಲಿ 24 ಗಂಟೆಗಳ ಓಟವನ್ನು ಮಜ್ದಾದ ರೋಟರಿ ಕಾರು ಗೆದ್ದಿತು.

ಮುಳ್ಳು ಮರೆಮಾಚುವುದು ಏನನ್ನು?

ಈಗ ಪರೀಕ್ಷೆಗೆ ಬರೋಣ. ಎಂಜಿನ್ನನ್ನು ಬಿಸಿ ಮಾಡಿ, ಇಂಧನವನ್ನೂ ಕಿಡಿಯನ್ನೂ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒತ್ತಡಮಾಪಕವನ್ನು ತಿರುಚಿ ಕೂರಿಸುತ್ತಾರೆ. ಆಕ್ಸಿಲರೇಟರನ್ನು ಪೂರ್ತಿ ತುಳಿದು ಸ್ಟಾರ್ಟರಿನಿಂದ ಎಂಜಿನ್ನನ್ನು ತಿರುಗಿಸುತ್ತಾರೆ. ಸಾಮಾನ್ಯ ಮಾಪಕದ ಒಳಗೆ ಒಂದು ಪುಟ್ಟ ಕವಾಟ ಇರುತ್ತದೆ. ಒಳಬಂದ ಗಾಳಿಯನ್ನು ಅದು ಹಿಂದೆ ಬಿಡುವುದಿಲ್ಲ. ಹೀಗಾಗಿ ಮುಳ್ಳು ಅತಿ ಹೆಚ್ಚಿನ ಒತ್ತಡದ ಗುರುತಿನಲ್ಲೇ ನಿಲ್ಲುತ್ತದೆ. ಪಿಸ್ಟನ್ ಎಂಜಿನ್ನಿಗೆ ಇಷ್ಟು ಸಾಕು. ಅಲ್ಲಿ ಒಂದು ಪ್ಲಗ್ಗಿನ ತೂತಿಗೆ ಒಂದೇ ಪಿಸ್ಟನ್.

ರೋಟರಿಯಲ್ಲಿ ಹಾಗಲ್ಲ. ಅದೇ ತೂತಿನ ಮುಂದೆ ಮೂರು ಮುಖಗಳೂ ಸರದಿಯಂತೆ ಹಾದುಹೋಗುತ್ತವೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಮೂರು ಮುಖಗಳ ಒತ್ತಡ ಚದರ ಸೆಂಟಿಮೀಟರಿಗೆ 8.0, 5.4 ಮತ್ತು 5.2 ಕಿಲೋಗ್ರಾಂ ಇರಲಿ. ಸಾಮಾನ್ಯ ಮಾಪಕ 8.0 ಎಂದು ತೋರಿಸಿ ಸುಮ್ಮನಾಗುತ್ತದೆ. ಅದು ಸುಳ್ಳು ಹೇಳಲಿಲ್ಲ; ಸೊರಗಿದ ಎರಡು ಮುಖಗಳ ಸುದ್ದಿಯನ್ನು ನಮಗೆ ಕೊಡಲಿಲ್ಲ, ಅಷ್ಟೇ.

ಇದಕ್ಕೆ ಪರಿಹಾರ ಸುಲಭವಾದದ್ದು. ಕವಾಟವನ್ನು ತೆರೆದೇ ಇಟ್ಟು, ಮುಳ್ಳು ನೆಗೆಯುವುದನ್ನು ಕಣ್ಣಿಟ್ಟು ನೋಡಬೇಕು. ಮೂರು ನೆಗೆತಗಳೂ ಸಮನಾಗಿದ್ದರೆ ಮುಖಗಳ ನಡುವೆ ಭೇದವಿಲ್ಲ. ಎರಡು ಕುಗ್ಗಿ ಒಂದು ಮಾತ್ರ ಬಲವಾಗಿದ್ದರೆ ತುದಿಯ ಸೀಲಿನ ಮೇಲೆ ಸಂಶಯಪಡಬೇಕು. ಏಕೆ? ಒಂದು ತುದಿ ಎರಡು ಮುಖಗಳ ನಡುವಿನ ಗಡಿ. ಅದು ಮುರಿದರೆ ಎರಡು ಕಡೆಯೂ ಸೋರುತ್ತದೆ. ಒಂದೇ ಮುಖ ಕುಗ್ಗಿದ್ದರೆ ಆ ಮುಖದ ಪಕ್ಕದ ಸೀಲನ್ನು ನೋಡಬೇಕು. ಮೂರನ್ನೂ ಬೇರೆಬೇರೆಯಾಗಿ ದಾಖಲಿಸುವ ವಿದ್ಯುನ್ಮಾನ ಮಾಪಕಗಳೂ ಇವೆ.

ವೇಗವನ್ನೂ ಮರೆಯಬಾರದು. ಎಂಜಿನ್ ವೇಗವಾಗಿ ತಿರುಗಿದರೆ ಸೋರಲು ಸಮಯ ಸಾಲದೆ ಒತ್ತಡ ಹೆಚ್ಚು ಕಾಣುತ್ತದೆ. ಬ್ಯಾಟರಿ ಸೊರಗಿದ್ದರೆ ಒಳ್ಳೆಯ ಎಂಜಿನ್ನೂ ರೋಗಿಯಂತೆ ಕಾಣುತ್ತದೆ. ಅದಕ್ಕಾಗಿ ಅಳತೆಯನ್ನು ನಿಮಿಷಕ್ಕೆ 250 ಸುತ್ತಿನ ವೇಗಕ್ಕೆ ಹೊಂದಿಸಿ ಓದುತ್ತಾರೆ. ದಂಡದ ಒಂದು ಸುತ್ತಿಗೆ ಒಂದು ನೆಗೆತ. ಐದು ಸೆಕೆಂಡಿನಲ್ಲಿ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ: ಸುಮಾರು 21. ಮಜ್ದಾ 2003ರಿಂದ 2012ರವರೆಗೆ ತಯಾರಿಸಿದ ಆರ್‌ಎಕ್ಸ್-8 ಕಾರಿಗೆ ಕೊಟ್ಟ ಕನಿಷ್ಠ ಮಿತಿ ಈ ವೇಗದಲ್ಲಿ 6.9 ಕಿಲೋಗ್ರಾಂ. ಅಷ್ಟಕ್ಕೇ ಕಂಪನಿ ತೃಪ್ತಿಪಡಲಿಲ್ಲ. ಮುಖ ಮುಖಗಳ ನಡುವಿನ ವ್ಯತ್ಯಾಸ 1.5 ಕಿಲೋಗ್ರಾಮನ್ನು ಮೀರಬಾರದೆಂದೂ ವಿಧಿಸಿತು.

ಕೋಲಾರದ ಆಕಾಶದಲ್ಲಿ

ನಮ್ಮ ರಸ್ತೆಗಳಲ್ಲಿ ರೋಟರಿ ಕಾರು ಕಾಣುವುದು ಬಹು ಅಪರೂಪ. ಆದರೆ ಈ ಎಂಜಿನ್ನಿನ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಅಧ್ಯಾಯವಿದೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಅಂದರೆ ಎಡಿಇ, ನಿಶಾಂತ್ ಎಂಬ ಚಾಲಕರಹಿತ ವಿಮಾನವನ್ನು ರೂಪಿಸಿತ್ತು. ಅದಕ್ಕೆ ಬೇಕಾದ ಎಂಜಿನ್ನನ್ನು ವಿದೇಶದಿಂದ ತರಿಸುತ್ತಿದ್ದರು. ಅದರ ಬದಲಿಗೆ ಸುಮಾರು 30 ಕಿಲೋಗ್ರಾಂ ತೂಕದ, 55 ಅಶ್ವಶಕ್ತಿಯ ಸ್ವದೇಶಿ ವಾಂಕೆಲ್ ಎಂಜಿನ್ನನ್ನು ಮಾಡುವ ಕೆಲಸದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಹ್ಮದ್‌ನಗರದ ಸೇನಾವಾಹನ ಸಂಶೋಧನಾ ಸಂಸ್ಥೆ ಮತ್ತು ಎಡಿಇ ಕೈಜೋಡಿಸಿದವು.

ಎಂಜಿನ್ನಿನ ತಿರುಳು ಭಾಗ ಬೆಂಗಳೂರಿನ ಪ್ರಯೋಗಾಲಯದ ಪಾಲಿಗೆ ಬಂದಿತ್ತು. ಅಲ್ಲಿಯೂ ಎದುರಾದದ್ದು ಅದೇ ಹಳೆಯ ಪ್ರಶ್ನೆ: ಸೀಲು ಉಜ್ಜುವ ಗೋಡೆ ಸವೆಯದಂತೆ ಮಾಡುವುದು ಹೇಗೆ? ಹಗುರವಾದ ಅಲ್ಯೂಮಿನಿಯಂ ಎರಕದ ಮೇಲೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಗಟ್ಟಿ ಲೇಪವನ್ನು ಅಲ್ಲಿನ ವಿಜ್ಞಾನಿಗಳು ಕೂರಿಸಿದರು. 2009ರ ಏಪ್ರಿಲ್ 5ರಂದು ಕೋಲಾರದ ಬಳಿಯ ವಿಮಾನ ನೆಲೆಯಿಂದ ಆ ಎಂಜಿನ್ ಹೊತ್ತ ನಿಶಾಂತ್ ಮೇಲೇರಿ, ಸುಮಾರು 40 ನಿಮಿಷ ಹಾರಿ, ಒಣಗಿದ ಕೆರೆಯಂಗಳದಲ್ಲಿ ಕ್ಷೇಮವಾಗಿ ಇಳಿಯಿತು. ಕಾರಿನಲ್ಲಿ ಒತ್ತಡ ಕುಸಿದರೆ ಗಾಡಿ ರಸ್ತೆ ಬದಿಯಲ್ಲಿ ನಿಂತೀತು. ಒಂದೇ ಎಂಜಿನ್ನಿನ ವಿಮಾನಕ್ಕೆ ನಿಲ್ಲಲು ಬದಿಯೇ ಇಲ್ಲ. ಅಲ್ಲಿ ಮೂರು ಮುಖಗಳೂ ಕೆಲಸ ಮಾಡಲೇಬೇಕು. 2015ರಲ್ಲಿ ನಿಶಾಂತ್ ಯೋಜನೆ ಕೊನೆಗೊಂಡಿತು. ಆದರೂ ಜರ್ಮನಿ, ಜಪಾನುಗಳನ್ನು ಕಾಡಿದ ಸಮಸ್ಯೆಗೆ ನಮ್ಮವರೂ ಕೈಹಾಕಿ ಉತ್ತರ ಕಂಡುಕೊಂಡದ್ದು ದಾಖಲೆಯಾಗಿ ಉಳಿದಿದೆ.

ಪರದೆಯ ಮೇಲೆ ರೋಟರ್ ತಿರುಗುವುದನ್ನು ನಾವು ನಿಮಗೆ ತೋರಿಸಬಹುದು. ಒಳಗಿನ ಸೋರಿಕೆಯನ್ನು ತೋರಿಸುವುದು ಕಷ್ಟ. ಅದನ್ನು ಅಳತೆಯಿಂದಲೇ ತಿಳಿಯಬೇಕು. ನಿಮ್ಮ ಪ್ರಯೋಗಾಲಯದಲ್ಲಿ ಯಾವ ಮಾಪಕವನ್ನು ಕೈಗೆತ್ತಿಕೊಂಡರೂ, ಅದು ತೋರಿಸುತ್ತಿರುವುದು ಗರಿಷ್ಠವನ್ನೋ, ಸರಾಸರಿಯನ್ನೋ, ಆ ಕ್ಷಣದ ಬೆಲೆಯನ್ನೋ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು ಆಮೇಲೆ.